ಟ್ಯಾಕ್ಸ್ ಆಫೀಸಿಗೆ ಯಾವ ಟಾಸ್ಕ್ ಆಪ್ ಒಳ್ಳೇದು? ವಾಟ್ಸಾಪ್‌ನಲ್ಲಿ ಎಲ್ಲಾ ಮುಳುಗಿ ಹೋಗ್ತಿದೆ

ದಾವಣಗೆರೆ_ಲೆಕ್ಕ
ಎಲ್ರಿಗೂ ನಮಸ್ಕಾರ. ದಾವಣಗೆರೆಲಿ ಟ್ಯಾಕ್ಸ್ ಪ್ರಾಕ್ಟೀಸ್ ಮಾಡ್ತೀನಿ, ಸಣ್ಣ ಆಫೀಸು, ನಾನು ಮತ್ತೆ ಮೂರು ಜನ ಸ್ಟಾಫ್. ಕ್ಲೈಂಟ್ಸ್ ಎಲ್ಲಾ ಬಟ್ಟೆ ಅಂಗಡಿ, ಮೆಕ್ಕೆಜೋಳ ವ್ಯಾಪಾರ, ಹಾರ್ಡ್‌ವೇರು, ಒಂದೆರಡು ರೈಸ್ ಮಿಲ್ಲು. ಕೆಲಸ ಬರೋದು ಪೂರ್ತಿ ವಾಟ್ಸಾಪ್‌ನಲ್ಲಿ, ಬಿಲ್ ಫೋಟೋ ಅಲ್ಲೇ, "ಮೇಡಂ ಒಂದು ನೋಟಿಸ್ ಬಂದಿದೆ ನೋಡಿ" ಅನ್ನೋದೂ ಅಲ್ಲೇ, ರಾತ್ರಿ ಹನ್ನೊಂದಕ್ಕೆ ವಾಯ್ಸ್ ಮೆಸೇಜೂ ಅಲ್ಲೇ. ನೋಡಿ, ಆಮೇಲೆ ಮಾಡೋಣ ಅಂತ ಬಿಟ್ರೆ ಬೆಳಿಗ್ಗೆ ಹೊತ್ತಿಗೆ ಅದರ ಮೇಲೆ ಇನ್ನೂ ಐವತ್ತು ಮೆಸೇಜ್ ಬಂದು ಕೂತಿರುತ್ತೆ. ತಿಂಗಳ 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1 ಅಂದ್ರೆ ಮಾರಾಟದ ರಿಟರ್ನ್, 15ಕ್ಕೆ ಪಿಎಫ್ ಇಎಸ್‌ಐ, 20ಕ್ಕೆ 3ಬಿ ಅಂದ್ರೆ ಜಿಎಸ್‌ಟಿ ಕಟ್ಟಿ ಹಾಕೋ ರಿಟರ್ನ್, ಪ್ರೊಫೆಷನ್ ಟ್ಯಾಕ್ಸೂ 20ಕ್ಕೇ. ಇದು ಪ್ರತಿ ತಿಂಗಳೂ ತಪ್ಪಲ್ಲ, ಅದರ ಮಧ್ಯೆ ನೋಟಿಸು, ಹೊಸ ರಿಜಿಸ್ಟ್ರೇಷನ್ನು, ಬ್ಯಾಂಕ್ ಲೋನಿಗೆ ಪ್ರಾಜೆಕ್ಟ್ ರಿಪೋರ್ಟು.

ಬೇಕಾಗಿರೋದು ಇಷ್ಟು, ಆಂಡ್ರಾಯ್ಡ್‌ನಲ್ಲೂ ಆಫೀಸಿನ ವಿಂಡೋಸ್ ಕಂಪ್ಯೂಟರಲ್ಲೂ ನಡೀಬೇಕು, ಸ್ಟಾಫಿಗೆ ಕೆಲಸ ಹಂಚೋಕಾಗ್ಬೇಕು, ಕನ್ನಡದಲ್ಲಿ ಟೈಪ್ ಮಾಡೋಕಾಗ್ಬೇಕು, ತಲೆಗೆ ಇಷ್ಟು ಅಂತ ಡಾಲರ್‌ನಲ್ಲಿ ದುಡ್ಡು ಕೊಡೋಕೆ ಇಷ್ಟ ಇಲ್ಲ. ಯೂಟ್ಯೂಬ್ ನೋಡಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ನೀವು ದಿನಾ ಬಳಸ್ತಿರೋದು ಯಾವ್ದು ಹೇಳಿ.

ಜಯನಗರ_4ನೇ_ಬ್ಲಾಕ್
ಟೊಡೊಯಿಸ್ಟ್. ನಾನು ಐಟಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್, ಆಫೀಸ್ ಕೆಲಸಕ್ಕೆ ಕಂಪನಿ ಹೇಳಿದ್ದು ಅಂತ ಜೀರಾ, ನನ್ನ ಸ್ವಂತ ತಲೆಗೆ ಟೊಡೊಯಿಸ್ಟ್. ಅದರಲ್ಲಿ ಒಂದು ಸಣ್ಣ ವಿಷಯ ನಿಮಗೆ ತುಂಬಾ ಉಪಯೋಗ ಆಗುತ್ತೆ. ಇಂಗ್ಲಿಷಲ್ಲಿ "ಎವೆರಿ 20" ಅಂತ ಟೈಪ್ ಮಾಡಿದ್ರೆ ನೀವು ಕೆಲಸ ಯಾವತ್ತು ಮುಗಿಸಿದ್ರೂ ಮುಂದಿನದು ಮುಂದಿನ 20ಕ್ಕೇ ಬರುತ್ತೆ. ಅದೇ ಎವೆರಿ ಪಕ್ಕ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿದ್ರೆ ಮುಗಿಸಿದ ದಿನದಿಂದ ಎಣಿಕೆ ಶುರು. ವಾಟರ್ ಫಿಲ್ಟರ್ ಬದಲಾಯಿಸೋಕೆ ಎರಡನೇದು ಸರಿ, ನಿಮ್ಮ 3ಬಿಗೆ ಮೊದಲನೇದೇ ಬೇಕು. ಎಷ್ಟೋ ಜನಕ್ಕೆ ಈ ವ್ಯತ್ಯಾಸ ಗೊತ್ತಿರಲ್ಲ, ಆಮೇಲೆ ಡೇಟು ಎಲ್ಲೆಲ್ಲೋ ಹೋಗಿದೆ ಅಂತ ಆಪ್‌ನ ಬೈತಾರೆ.

ಕನ್ನಡದಲ್ಲಿ ಕೆಲಸದ ಹೆಸರು ಆರಾಮಾಗಿ ಬರೀಬಹುದು, ಆದ್ರೆ "ನಾಳೆ ಬೆಳಿಗ್ಗೆ 10ಕ್ಕೆ" ಅಂದ್ರೆ ಅದಕ್ಕೆ ಅರ್ಥ ಆಗಲ್ಲ, ಡೇಟ್ ಮಾತ್ರ ಇಂಗ್ಲಿಷಲ್ಲೇ ಹಾಕ್ಬೇಕು ಇಲ್ಲಾಂದ್ರೆ ಕ್ಯಾಲೆಂಡರಲ್ಲಿ ಒತ್ತಬೇಕು. ಫ್ರೀ ಪ್ಲಾನಲ್ಲಿ 5 ಪ್ರಾಜೆಕ್ಟ್ ಮಾತ್ರ, ಹಾಗಾಗಿ ಕ್ಲೈಂಟಿಗೊಂದು ಪ್ರಾಜೆಕ್ಟ್ ಅಂತ ಮಾಡೋಕೆ ಹೋಗ್ಬೇಡಿ, ಲೇಬಲ್ ಹಾಕಿ.

ಕುಡ್ಲದ_ಡಾಕ್ಟ್ರು
ನಾನು ಮೈಕ್ರೋಸಾಫ್ಟ್ ಟು ಡೂ. ಪೂರ್ತಿ ಫ್ರೀ ಉಂಟು, ವಿಂಡೋಸ್‌ನಲ್ಲೂ ಫೋನ್‌ನಲ್ಲೂ ಉಂಟು, ಲಿಸ್ಟ್ ಶೇರ್ ಮಾಡಿ ಅದರೊಳಗೆ ಇದು ಇಂಥವರಿಗೆ ಅಂತ ಹಾಕ್ಲಿಕ್ಕೂ ಆಗ್ತದೆ. ನನಗೆ ಅದರಲ್ಲಿ ಇಷ್ಟ ಆದದ್ದು "ಮೈ ಡೇ" ಹೇಳುವ ಪುಟ. ರಾತ್ರಿ ಕಳೆದ ಕೂಡ್ಲೆ ಅದು ಖಾಲಿ ಆಗ್ತದೆ, ಮುಗಿಯದ ಕೆಲಸ ಅಳಿಸಿ ಹೋಗುದಿಲ್ಲ, ಅದರದರ ಲಿಸ್ಟಿಗೆ ವಾಪಸ್. ಬೆಳಿಗ್ಗೆ ಒಪಿಡಿ ಶುರು ಆಗುವ ಮೊದಲು ಇವತ್ತು ಎಂತ ಮಾಡುದು ಹೇಳಿ ನಾನೇ ಹೊಸದಾಗಿ ಹೆಕ್ಕಿ ಹಾಕ್ಬೇಕು. ಕೆಂಪು ಬಣ್ಣದಲ್ಲಿ ಓವರ್‌ಡ್ಯೂ ಓವರ್‌ಡ್ಯೂ ಹೇಳಿ ನೂರು ಸಾಲು ಕಂಡ್ರೆ ಆಪ್ ತೆರೀಲಿಕ್ಕೇ ಮನಸ್ಸು ಬರುದಿಲ್ಲ ಮಾರಾಯ್ರೆ.

ಒಂದು ಮಾತು, ಪೇಷಂಟ್ ಹೆಸರು, ರೋಗ ಇಂಥದ್ದು ಯಾವತ್ತೂ ಇಂಥ ಆಪ್‌ನಲ್ಲಿ ಬರೀಬೇಡಿ. ನೀವು ಕೂಡ ಕ್ಲೈಂಟಿನ ಪೋರ್ಟಲ್ ಪಾಸ್‌ವರ್ಡ್ ಟಾಸ್ಕಿನ ನೋಟ್ಸ್‌ನಲ್ಲಿ ಹಾಕ್ಬೇಡಿ.

ದಾವಣಗೆರೆ_ಲೆಕ್ಕ
ಪಾಸ್‌ವರ್ಡ್ ವಿಷಯ ಕೇಳಿ ನಕ್ಕೆ ಡಾಕ್ಟ್ರೇ, ಈ ಊರಲ್ಲಿ ಎಷ್ಟು ಆಫೀಸಲ್ಲಿ ಅದು ಗೋಡೆ ಮೇಲೇ ಅಂಟಿಸಿರುತ್ತೆ ಅಂತ ನಿಮಗೆ ಗೊತ್ತಿಲ್ಲ.

ಟೆಂಪ್ಲೇಟ್_ಪ್ರೇಮಿ
ನೋಷನ್ ಆಪ್ ಯಾರೂ ಹೇಳೇ ಇಲ್ವಲ್ಲ?? ಕ್ಲೈಂಟ್ ಡೇಟಾಬೇಸ್ ಒಂದು, ಟಾಸ್ಕ್ ಡೇಟಾಬೇಸ್ ಒಂದು, ಎರಡನ್ನೂ ರಿಲೇಷನ್‌ನಿಂದ ಜೋಡಿಸಿ, ಬೋರ್ಡ್ ವ್ಯೂ, ಕ್ಯಾಲೆಂಡರ್ ವ್ಯೂ, ಸ್ಟಾಫ್‌ವೈಸ್ ವ್ಯೂ, ಏನು ಬೇಕಾದ್ರೂ ಮಾಡಬಹುದು. ನಾನು ನನ್ನ ಜಿಮ್ಮು, ಖರ್ಚು, ಓದೋ ಪುಸ್ತಕ ಎಲ್ಲಾ ಅದರಲ್ಲೇ ಇಟ್ಟಿದೀನಿ.

ಜಯನಗರ_4ನೇ_ಬ್ಲಾಕ್
ಗುರು, "ಏನು ಬೇಕಾದ್ರೂ ಮಾಡಬಹುದು" ಅನ್ನೋದೇ ಅದರ ಪ್ರಾಬ್ಲಮ್ಮು. ನಮ್ಮ ಟೀಮಲ್ಲಿ ಒಬ್ಬ ಭಾನುವಾರ ಪೂರ್ತಿ ಕೂತು ಡ್ಯಾಶ್‌ಬೋರ್ಡಿಗೆ ಕವರ್ ಫೋಟೋ, ಐಕಾನು, ಪ್ರೋಗ್ರೆಸ್ ಬಾರು ಎಲ್ಲಾ ಹಾಕಿ ಸೋಮವಾರ ಕೆಲಸ ಮಾತ್ರ ಹಾಗೇ ಉಳಿಸ್ಕೊಂಡು ಬರ್ತಿದ್ದ. ಮೇಡಮ್ ಅವರ ಸ್ಟಾಫು ಟ್ಯಾಲಿಲಿ ಎಂಟ್ರಿ ಹಾಕೋರು, ಅವರಿಗೆ ರಿಲೇಷನ್ನು ರೋಲಪ್ಪು ಅಂತ ಪಾಠ ಮಾಡೋರು ಯಾರು?

ಟೆಂಪ್ಲೇಟ್_ಪ್ರೇಮಿ
ಅದು ಅವನ ತಪ್ಪು, ಟೂಲ್ ತಪ್ಪಲ್ಲ. ಒಂದ್ಸಲ ಸೆಟಪ್ ಮಾಡಿದ್ರೆ ಆಯ್ತು.

ಕಪ್ಪುಕೋಟು_ಧಾರವಾಡ
ನಮಸ್ಕಾರ್ರಿ. ನಾ ಧಾರವಾಡ ಪೀಠದಾಗ ವಕೀಲ ಅದೇನಿ, ನಿಮ್ಮ ಕಷ್ಟ ನನಗ ಚೊಲೋ ತಿಳಿತೈತಿ, ಯಾಕಂದ್ರ ನಮ್ಮ ಕೆಲಸಾನೂ ಬ್ಯಾರೆಯವರು ಕೊಟ್ಟ ತಾರೀಖಿನ ಮ್ಯಾಲೆ ನಡಿಯೋದು. ಇಲ್ಲಿ ಹೇಳಿದ ಆಪ್ ಎಲ್ಲಾ "ನೀವು ಏನು ಮಾಡಬೇಕಂತೀರಿ" ಅಂತ ಕೇಳತಾವ. ನಮಗ ಅದು ಬ್ಯಾಡ್ರಿ, ನಾವು ಏನು ಮಾಡಬೇಕು ಅಂತ ಕೋರ್ಟ್ ಹೇಳಿಬಿಟ್ಟಿರತೈತಿ.

ಹಿಯರಿಂಗ್ ತಾರೀಖಿಗೆ ನಾ ಇಕೋರ್ಟ್ಸ್ ಆಪ್ ಇಟ್ಟೇನಿ, ಪ್ರತಿ ಕೇಸಿಗೂ ಇರೋ 16 ಅಕ್ಷರದ ಸಿಎನ್ಆರ್ ನಂಬರ್ ಹಾಕಿದ್ರ ಕೇಸ್ ಸಿಗತೈತಿ, ಮೈ ಕೇಸಸ್‌ಗೆ ಸೇರಿಸಿದ್ರ ಮುಂದಿನ ಡೇಟ್ ಅಲ್ಲೇ ಕಾಣತೈತಿ. ಅದನ್ನ ನಾ ಮತ್ತೊಂದು ಆಪ್‌ನ್ಯಾಗ ಟೈಪ್ ಮಾಡಂಗಿಲ್ಲ. ಟಾಸ್ಕ್ ಆಪ್‌ನ್ಯಾಗ ಬರಿಯೋದು ಆ ತಾರೀಖಿನ ಹಿಂದಿನ ಕೆಲಸ ಅಷ್ಟ. ಈಗ ಸಿವಿಲ್ ದಾವಾಕ್ಕ ಸಮನ್ಸ್ ಮುಟ್ಟಿದ ಮ್ಯಾಲೆ ರಿಟನ್ ಸ್ಟೇಟ್‌ಮೆಂಟ್, ಅಂದ್ರ ಪ್ರತಿವಾದಿ ಲಿಖಿತ ಉತ್ತರ, ಹಾಕಾಕ 30 ದಿನ, ಕೋರ್ಟ್ ಒಪ್ಪಿದ್ರ 90ರ ತನಕ. ನಾ 30ನೇ ದಿನಕ್ಕ ರಿಮೈಂಡರ್ ಇಡಂಗಿಲ್ಲ, 10ನೇ ದಿನಕ್ಕ "ಪಾರ್ಟಿ ಕಡಿಂದ ಕಾಗದ ಬಂದಾವೇನು" ಅಂತ ಒಂದು, 20ಕ್ಕ "ಡ್ರಾಫ್ಟ್" ಅಂತ ಒಂದು ಇಡತೀನಿ. ನಿಮಗೂ ಅಷ್ಟರಿ, 20ನೇ ತಾರೀಖು ಎಲ್ಲಾರಿಗೂ ಬಾಯಿಪಾಠ ಐತಿ, ಅದಕ್ಕ ಆಪ್ ಯಾಕ ಬೇಕು. ಕ್ಲೈಂಟ್ ಬಿಲ್ ಕಳಿಸ್ಯಾನೋ ಇಲ್ಲೋ ಅನ್ನೂದು 5ನೇ ತಾರೀಖಿಗೆ ಗೊತ್ತಾಗಬೇಕು.

ದಾವಣಗೆರೆ_ಲೆಕ್ಕ
ಹೌದು ಸರ್, 100 ಪರ್ಸೆಂಟ್ ಅದೇ. ಒಂದೊಂದು ಫೈಲು ಎಲ್ಲೆಲ್ಲಿ ನಿಲ್ಲುತ್ತೆ ನೋಡಿ. ಮೊದಲು ಡೇಟಾ ಬಂದಿಲ್ಲ. ಬಂತು, ಎಂಟ್ರಿ ಆಗಿಲ್ಲ. ಎಂಟ್ರಿ ಆಯ್ತು, 14ಕ್ಕೆ 2ಬಿ ಬರುತ್ತೆ, ಅಂದ್ರೆ ಮಾರಿದವರು ಪೋರ್ಟಲಲ್ಲಿ ತೋರಿಸಿದ ಬಿಲ್ಲುಗಳ ಪಟ್ಟಿ, ಅದಕ್ಕೂ ಪರ್ಚೇಸಿಗೂ ತಾಳೆ ಆಗಲ್ಲ. ತಾಳೆ ಆಯ್ತು, ಚಲನ್ ಕಳಿಸಿದ್ವಿ, ದುಡ್ಡು ಕಟ್ಟಿಲ್ಲ. ಕಟ್ಟಿದ್ರು, ಫೈಲ್ ಮಾಡೋಕೆ ಓಟಿಪಿ ಬೇಕು, ಓನರ್ ತಿರುಪತಿಲಿ ಇದ್ದಾರೆ, ಫೋನ್ ಲಾಕರಲ್ಲಿ ಇದೆ. ಈ ಓಟಿಪಿ ಒಂದಕ್ಕೇ 20ರ ಸಂಜೆ ಅರ್ಧ ಊರಿಗೆ ಫೋನ್ ಹಚ್ತೀವಿ. ತಡ ಆದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ವ್ಯವಹಾರ ಇಲ್ಲದ ನಿಲ್ ರಿಟರ್ನ್ ಇದ್ರೆ 20, ಅದನ್ನ ಕ್ಲೈಂಟ್ ಹತ್ರ ಕೇಳೋಕೂ ಆಗಲ್ಲ ಬಿಡೋಕೂ ಆಗಲ್ಲ.

ಹಳೇ_ಮ್ಯಾನೇಜರ್_ಶಿವಮೊಗ್ಗ
ಬ್ಯಾಂಕಿನಲ್ಲಿದ್ದು ರಿಟೈರ್ ಆದವನು, ಈ ಆಪ್‌ಗಳ ಬಗ್ಗೆ ಹೆಚ್ಚು ತಿಳಿಯದು, ಆದರೂ ಒಂದು ಹೇಳುತ್ತೇನೆ. ನಮ್ಮ ಬ್ರಾಂಚಿನಲ್ಲಿ ಎರಡು ಬೇರೆ ಬೇರೆ ಪುಸ್ತಕ ಇರುತ್ತಿತ್ತು. ಒಂದು ಡ್ಯೂ ಡೇಟ್ ರಿಜಿಸ್ಟರು, ಯಾವ ಸಾಲದ ಕಾಗದ ಯಾವಾಗ ಟೈಮ್ ಬಾರ್ ಆಗುತ್ತೆ, ಯಾವ ಗೋಡೌನಿನ ಇನ್ಶೂರೆನ್ಸ್ ಯಾವಾಗ ಮುಗಿಯುತ್ತೆ ಅಂತ. ಸಾಲದ ದಾಖಲೆಗೆ ಮೂರು ವರ್ಷದ ಲಿಮಿಟೇಶನ್, ಅದರೊಳಗೆ ಸಾಲಗಾರನಿಂದ ಸಾಲ ಒಪ್ಪಿಕೊಂಡ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಬೇಕು, ಇಲ್ಲವೆಂದರೆ ಕೇಸು ಹಾಕುವ ಹಕ್ಕೇ ಹೋಯಿತು. ಇನ್ನೊಂದು ಮೇಜಿನ ಮೇಲಿನ ಡೈರಿ, ಅದರಲ್ಲಿ ಇವತ್ತು ಯಾರಿಗೆ ಫೋನು, ಯಾರ ಗದ್ದೆ ಇನ್ಸ್‌ಪೆಕ್ಷನ್ನು ಇಂಥದ್ದು. ರಿಜಿಸ್ಟರ್ ಬ್ರಾಂಚಿನದು, ಮ್ಯಾನೇಜರ್ ಟ್ರಾನ್ಸ್‌ಫರ್ ಆದರೂ ಅದು ಅಲ್ಲೇ. ಡೈರಿ ನನ್ನದು. ರಿಜಿಸ್ಟರಿನ ಐನೂರು ಸಾಲನ್ನು ಡೈರಿಗೆ ಇಳಿಸಿ ಯಾರೂ ಬರೆಯುತ್ತಿರಲಿಲ್ಲ. ನೀವೆಲ್ಲ ಎರಡನ್ನೂ ಒಂದೇ ಆಪ್‌ಗೆ ತುಂಬಲು ನೋಡುತ್ತಿದ್ದೀರಿ ಎಂದು ನನಗೆ ಕಾಣುತ್ತದೆ.

ಜಯನಗರ_4ನೇ_ಬ್ಲಾಕ್
ಸರ್ ಸೂಪರ್. ನಾನು ಮೇಲೆ ಬರೆದ ಟೊಡೊಯಿಸ್ಟ್ ಸಲಹೆ ಅರ್ಧ ವಾಪಸ್ ತಗೋತೀನಿ. ಮೇಡಂ ಲೆಕ್ಕ ಹಾಕಿ, 80 ಕ್ಲೈಂಟು ಅಂದ್ಕೊಂಡ್ರೂ ಜಿಎಸ್‌ಟಿಆರ್-1 ಮತ್ತೆ 3ಬಿ ಎರಡಕ್ಕೇ ತಿಂಗಳಿಗೆ 160 ಟಾಸ್ಕ್, ಯಾವ ಆಪ್‌ನಲ್ಲಿ ಹಾಕಿದ್ರೂ ನಾಲ್ಕನೇ ದಿನಕ್ಕೆ ಕಣ್ಣು ಕತ್ತಲೆ ಬರುತ್ತೆ. ಇದು ಟು-ಡು ಲಿಸ್ಟ್ ಅಲ್ಲ, ಟೇಬಲ್ಲು. ಗೂಗಲ್ ಶೀಟ್ ಸಾಕು. ಸಾಲಿಗೊಬ್ಬ ಕ್ಲೈಂಟು, ಕಾಲಂಗೊಂದು ರಿಟರ್ನ್, ಪ್ರತಿ ಸೆಲ್‌ನಲ್ಲಿ ಡ್ರಾಪ್‌ಡೌನ್, ನೀವು ಮೇಲೆ ಬರೆದಿರೋದೇ ಡ್ರಾಪ್‌ಡೌನಿನ ಆಯ್ಕೆ, "ಡೇಟಾ ಇಲ್ಲ", "ಎಂಟ್ರಿ ಬಾಕಿ", "2ಬಿ ತಾಳೆ", "ಚಲನ್", "ಓಟಿಪಿ", "ಫೈಲ್ಡ್". ಬಣ್ಣ ತಾನೇ ಬರೋ ಹಾಗೆ ಮಾಡಬಹುದು. 17ನೇ ತಾರೀಖು ಮಾನಿಟರ್ ನೋಡಿದ್ರೆ ಎಷ್ಟು ಕೆಂಪಿದೆ ಅಂತ ಬಾಯಿ ಬಿಡದೇ ಎಲ್ರಿಗೂ ಗೊತ್ತಾಗುತ್ತೆ.

ಸರ್ಕಾರ ಕೊನೇ ಗಳಿಗೆಲಿ ಡೇಟ್ ಎಕ್ಸ್‌ಟೆಂಡ್ ಮಾಡುತ್ತಲ್ಲ, ಆಗ ಟಾಸ್ಕ್ ಆಪ್ ಆದ್ರೆ ಅಷ್ಟೂ ಟಾಸ್ಕಿನ ಡೇಟ್ ಬದಲಾಯಿಸ್ಬೇಕು. ಶೀಟಲ್ಲಿ ಕಾಲಂ ಮೇಲಿರೋ ಒಂದು ಸೆಲ್ ತಿದ್ದಿದ್ರೆ ಮುಗೀತು.

ಟೆಂಪ್ಲೇಟ್_ಪ್ರೇಮಿ
ಅದನ್ನೇ ತಾನೇ ನಾನು ಡೇಟಾಬೇಸ್ ಅಂತ ಹೇಳಿದ್ದು 🙄

ಜಯನಗರ_4ನೇ_ಬ್ಲಾಕ್
ಐಡಿಯಾ ನಿಂದೇ ಸರಿ ಮಗಾ, ಒಪ್ಕೋತೀನಿ. ಆದ್ರೆ ಆ ಆಫೀಸಲ್ಲಿ ಎಕ್ಸೆಲ್ ಗೊತ್ತಿಲ್ಲದೋರು ಯಾರೂ ಇರಲ್ಲ, ನೋಷನ್ ಗೊತ್ತಿರೋರು ಯಾರೂ ಇರಲ್ಲ.

ಮ್ಯೂನಿಕ್_ಮಂಡ್ಯ
ಸುಮ್ನೆ ಹೇಳ್ತೀನಿ, ನಾನು ಥಿಂಗ್ಸ್ ಬಳಸೋದು, ಇಲ್ಲೇ ಸ್ಟುಟ್‌ಗಾರ್ಟ್ ಕಂಪನಿದು, ನೋಡೋಕೆ ಅಷ್ಟು ಚೆಂದದ ಆಪ್ ಇನ್ನೊಂದಿಲ್ಲ, ತಿಂಗಳ ಬಾಡಿಗೆ ಇಲ್ಲ, ಒಂದೇ ಸಲ ದುಡ್ಡು. ಆದ್ರೆ ಆಪಲ್ ಮಾತ್ರ, ವಿಂಡೋಸೂ ಇಲ್ಲ ಆಂಡ್ರಾಯ್ಡೂ ಇಲ್ಲ, ಇನ್ನೊಬ್ರ ಜೊತೆ ಶೇರ್ ಮಾಡೋಕೂ ಆಗಲ್ಲ. ನಿಮಗೆ ಬೇಡ.

ಮುಕ್ತ_ತಂತ್ರಾಂಶ
ಯಾವ ಆಪ್ ತಗೊಂಡ್ರೂ ಮೊದಲು ಹೊರಗೆ ಬರೋ ಬಾಗಿಲು ಎಲ್ಲಿದೆ ನೋಡ್ಕೊಳ್ಳಿ. ಹಳಬರಿಗೆ ವಂಡರ್‌ಲಿಸ್ಟ್ ನೆನಪಿರಬಹುದು, ಬರ್ಲಿನ್‌ನ ಆಪ್ ಅದು, ಎಲ್ರೂ ಹೊಗಳ್ತಿದ್ರು, 2015ರಲ್ಲಿ ಮೈಕ್ರೋಸಾಫ್ಟ್ ಕೊಂಡ್ಕೊಳ್ತು, 2020ರ ಮೇ 6ಕ್ಕೆ ಬಾಗಿಲು ಹಾಕ್ತು. ಡಾಕ್ಟ್ರು ಹೇಳಿದ ಟು ಡೂ ಅದರ ಜಾಗಕ್ಕೆ ಬಂದಿದ್ದು. ಅದಕ್ಕೂ ಮೊದಲು ಆಸ್ಟ್ರಿಡ್ ಅಂತ ಇತ್ತು, 2013ರಲ್ಲಿ ಯಾಹೂ ಕೊಂಡು ಅದೇ ವರ್ಷ ಮುಚ್ತು. ಆಸ್ಟ್ರಿಡ್ ಓಪನ್ ಸೋರ್ಸ್ ಆಗಿದ್ದಕ್ಕೆ ಅದರ ಕೋಡ್ ಮೇಲೆ ಟಾಸ್ಕ್ಸ್ ಡಾಟ್ ಆರ್ಗ್ ಅಂತ ಆಂಡ್ರಾಯ್ಡ್ ಆಪ್ ಇವತ್ತಿಗೂ ನಡೀತಿದೆ, ನಾನು ಅದನ್ನೇ ಬಳಸೋದು, ಡೇಟಾ ನನ್ನ ಸ್ವಂತ ಸರ್ವರಲ್ಲಿ. ಎಲ್ರೂ ಅದನ್ನೇ ಮಾಡಿ ಅಂತಿಲ್ಲ, ಸರ್ವರ್ ನೋಡ್ಕೊಳ್ಳೋದೇ ಒಂದು ಕೆಲಸ. ಆದ್ರೆ ಎಕ್ಸ್‌ಪೋರ್ಟ್ ಬಟನ್ ಒತ್ತಿ ಏನು ಫೈಲ್ ಬರುತ್ತೆ ಅಂತ ಮೊದಲನೇ ವಾರದಲ್ಲೇ ನೋಡಿ. ಟ್ರೆಲ್ಲೋ ಅನ್ನೋ ಬೋರ್ಡ್ ಆಪ್ ಫ್ರೀನಲ್ಲಿ ಜೇಸನ್ ಫೈಲ್ ಕೊಡುತ್ತೆ, ಅದನ್ನ ನಿಮ್ಮ ಹುಡುಗ್ರು ತೆರೆದ್ರೆ ಹೆದರ್ಕೋತಾರೆ. ಶೀಟ್ ಆದ್ರೆ ಎಕ್ಸೆಲ್ ಆಗಿ ಇಳಿಸಿಕೊಂಡ್ರೆ ಆಯ್ತು.

ವಾಟ್ಸಾಪ್_ವಿಜಯಪುರ
ಕೆಲಸ ಬರೋದು ವಾಟ್ಸಾಪ್‌ನ್ಯಾಗ ಅಂದ್ರ ವಾಟ್ಸಾಪ್ ಬಿಸಿನೆಸ್ ಯಾಕ ಹಾಕ್ಕೊಂಡಿಲ್ರಿ ಅಕ್ಕಾರ? ಅದು ಫ್ರೀ ಐತಿ. ಚಾಟಿಗೆ ಲೇಬಲ್ ಹಚ್ಚಬಹುದು, 20 ಲೇಬಲ್ ತನಕ, ಹೆಸರು ಕನ್ನಡದಾಗ ಬರದ್ರೂ ನಡಿತೈತಿ. ನಮ್ಮದು ಗೊಬ್ಬರದ ಏಜೆನ್ಸಿ, "ಮಾಲು ಕಳಿಸೂದು", "ರೊಕ್ಕ ಬಾಕಿ", "ಉತ್ತರಾ ಕೊಡಬೇಕು" ಅಂತ ಮೂರ ಲೇಬಲ್. ಸಂಜಿಕ ಲೇಬಲ್ ತಗದು ನೋಡಿದ್ರ ಬಾಕಿ ಎಲ್ಲಾ ಒಂದ ಕಡೆ. ನೀವು ಎಂಥಾ ದೊಡ್ಡ ಆಪ್ ತಂದ್ರೂ ಮೆಸೇಜ್ ಓದಿ ಅದರಾಗ ಮತ್ತ ಟೈಪ್ ಮಾಡಬೇಕಲ್ಲ, ಗಿರಾಕಿ ನಿಂತಾಗ ಅದು ಆಗಂಗಿಲ್ಲ, ಲೇಬಲ್ ಹಚ್ಚೂದು ಎರಡು ಸೆಕೆಂಡ್.

ದಾವಣಗೆರೆ_ಲೆಕ್ಕ
ಬಿಸಿನೆಸ್ ಆಪ್ ಇದೆ ಅಣ್ಣ, ಲೇಬಲ್ ಯಾವತ್ತೂ ಮುಟ್ಟಿಲ್ಲ. ಈಗಲೇ "ನೋಟಿಸ್", "ಡೇಟಾ ಬಂತು", "ನಾನು ಹೇಳ್ಬೇಕು" ಅಂತ ಮೂರು ಮಾಡಿದೆ.

ಮ್ಯಾನೇಜರ್ ಸರ್, ರಿಜಿಸ್ಟರ್ ಮತ್ತೆ ಡೈರಿ ಬೇರೆ ಅನ್ನೋದು ಸರಿಯಾಗಿ ತಾಗಿತು. ರಿಟರ್ನ್ಸ್ ಎಲ್ಲಾ ಶೀಟಿಗೆ ಹಾಕ್ತೀನಿ. ಇನ್ನು ಡೈರಿ ಭಾಗಕ್ಕೆ, ಅಂದ್ರೆ ನೋಟಿಸು, ಪ್ರಾಜೆಕ್ಟ್ ರಿಪೋರ್ಟು, ಫೋನ್ ಮಾಡೋದು ಇಂಥದ್ದಕ್ಕೆ ಟು ಡೂ ಇಟ್ಟು ನೋಡ್ತಿದೀನಿ. ಒಂದು ತೊಂದ್ರೆ, ಫೋನಲ್ಲಿ ರಿಮೈಂಡರ್ ಟೈಮಿಗೆ ಬರ್ತಾನೇ ಇಲ್ಲ, ಮಧ್ಯಾಹ್ನ ಆಪ್ ತೆಗೆದಾಗ ಬೆಳಿಗ್ಗೆದೆಲ್ಲಾ ಒಟ್ಟಿಗೆ ಟಣ್ ಟಣ್ ಅನ್ನುತ್ತೆ. ಕಂಪ್ಯೂಟರಲ್ಲಿ ಸರಿ ಇದೆ.

ಮುಕ್ತ_ತಂತ್ರಾಂಶ
ಅದು ಆಪ್ ತಪ್ಪಲ್ಲ, ಫೋನು ಬ್ಯಾಟರಿ ಉಳಿಸೋಕೆ ಅಂತ ಹಿಂದೆ ಓಡ್ತಿರೋ ಆಪ್‌ನ ಮಲಗಿಸಿಬಿಡುತ್ತೆ, ಕೆಲವು ಬ್ರಾಂಡಿನ ಫೋನಲ್ಲಿ ಇದು ಜಾಸ್ತಿ. ಸೆಟ್ಟಿಂಗ್ಸ್‌ಗೆ ಹೋಗಿ ಆಪ್ಸ್, ಅದರಲ್ಲಿ ಟು ಡೂ, ಅದರಲ್ಲಿ ಬ್ಯಾಟರಿ, ಅಲ್ಲಿ "ಅನ್‌ರಿಸ್ಟ್ರಿಕ್ಟೆಡ್" ಮಾಡಿ. "ಆಟೋಸ್ಟಾರ್ಟ್" ಅಂತ ಇದ್ರೆ ಅದನ್ನೂ ಆನ್ ಮಾಡಿ. ಆಮೇಲೆ "ಅಲಾರ್ಮ್ಸ್ ಅಂಡ್ ರಿಮೈಂಡರ್ಸ್" ಅಂತ ಬೇರೆ ಪರ್ಮಿಷನ್ ಇರುತ್ತೆ, ಆಂಡ್ರಾಯ್ಡ್ 14ರಿಂದ ಈಚೆಗೆ ಹೊಸದಾಗಿ ಹಾಕಿದ ಎಷ್ಟೋ ಆಪ್‌ಗೆ ಅದು ತಾನಾಗೇ ಸಿಗಲ್ಲ, ಸರಿಯಾದ ನಿಮಿಷಕ್ಕೆ ಅಲಾರ್ಮ್ ಹೊಡೀಬೇಕು ಅಂದ್ರೆ ನೀವೇ ಕೊಡ್ಬೇಕು. ಮಾಡಿ, ಐದು ನಿಮಿಷ ಮುಂದಕ್ಕೆ ಒಂದು ರಿಮೈಂಡರ್ ಇಟ್ಟು ಸ್ಕ್ರೀನ್ ಆಫ್ ಮಾಡಿ ಪಕ್ಕಕ್ಕಿಡಿ. ಹೊಡೆದ್ರೆ ಆ ಆಪ್ ಇಟ್ಕೊಳ್ಳಿ. ಬೇರೆ ಫೀಚರ್ ಎಲ್ಲಾ ಆಮೇಲೆ.

ದಾವಣಗೆರೆ_ಲೆಕ್ಕ
ಹೊಡೀತು!! ಥ್ಯಾಂಕ್ಸ್. ಬ್ಯಾಟರಿದು ಸರಿ ಮಾಡಿದ್ರೂ ಬರ್ಲಿಲ್ಲ, ಆಟೋಸ್ಟಾರ್ಟ್ ಆನ್ ಮಾಡಿದ್ಮೇಲೆ ಬಂತು. ಹುಡುಗ್ರ ಫೋನಲ್ಲೂ ಮಾಡಿಸಿದೆ.

ಕೂಡುಕುಟುಂಬ_ಹಾಸನ
ಸ್ಟಾಫ್ ಆಪ್ ತೆಗೀತಾರಾ ಅನ್ನೋದೇ ನಿಜವಾದ ಪ್ರಶ್ನೆ ಕಣ್ರೀ. ನಮ್ಮ ಸಿವಿಲ್ ಕಾಂಟ್ರಾಕ್ಟಲ್ಲಿ ಟ್ರೆಲ್ಲೋ ಹಾಕಿದ್ವಿ, ಮೂರು ಕಾಲಮ್ಮು, ಮಾಡ್ಬೇಕು, ಮಾಡ್ತಿದೀವಿ, ಆಯ್ತು. ಸೂಪರ್‌ವೈಸರ್‌ಗಳು ಮೊದಲ ವಾರ ಚೆನ್ನಾಗಿ ಕಾರ್ಡ್ ಎಳೆದಾಡಿದ್ರು, ಆಮೇಲೆ ಎಲ್ಲಾ ಕಾರ್ಡೂ "ಮಾಡ್ತಿದೀವಿ"ಯಲ್ಲಿ ನಿಂತ್ಬಿಡ್ತು. ಯಾಕಂದ್ರೆ ಯಜಮಾನ್ರು ಬೋರ್ಡ್ ನೋಡ್ತಿರ್ಲಿಲ್ಲ, ಫೋನ್ ಮಾಡಿ ಕೇಳ್ತಿದ್ರು. ಕೇಳಿದ್ರೆ ಹೇಳಿದ್ರಾಯ್ತು ಅಂತ ಇವರು. ಮಧ್ಯದ ಕಾಲಮ್ಮಲ್ಲಿ ಒಬ್ಬರಿಗೆ ಮೂರಕ್ಕಿಂತ ಜಾಸ್ತಿ ಕಾರ್ಡ್ ಇರ್ಬಾರ್ದು ಅಂತ ಮಿತಿ ಹಾಕಿ, ಬೆಳಿಗ್ಗೆ ಸೈಟಿಗೆ ಹೊರಡೋ ಮೊದ್ಲು ಹತ್ತು ನಿಮಿಷ ಬೋರ್ಡ್ ಮುಂದೆ ನಿಂತು ಮಾತಾಡೋದು ಅಂತ ಮಾಡಿದ್ಮೇಲೆ ಸ್ವಲ್ಪ ದಾರಿಗೆ ಬಂತು. ಈ ಮಿತಿ ಹಾಕೋದು ಟೊಯೋಟಾ ಕಾರ್ಖಾನೆಯ ಕಾನ್‌ಬಾನ್ ಪದ್ಧತಿಯಿಂದ ಬಂದಿದ್ದು, ಮುಂದಿನವರು ಎತ್ಕೊಳ್ಳೋವರೆಗೂ ಹಿಂದಿನವರು ಹೊಸದು ತಯಾರು ಮಾಡಂಗಿಲ್ಲ. ಕಾಲಮ್ಮನ್ನ ಎಲ್ರೂ ಕಾಪಿ ಹೊಡೀತಾರೆ, ಮಿತಿನ ಯಾರೂ ಹಾಕಲ್ಲ.

ದಾವಣಗೆರೆ_ಲೆಕ್ಕ
ಇದು ನೋಟಿಸ್ ಕೆಲಸಕ್ಕೆ ಚೆನ್ನಾಗಿ ಕೂರುತ್ತೆ ಅನ್ಸುತ್ತೆ. ಎಎಸ್ಎಂಟಿ-10, ಅಂದ್ರೆ ರಿಟರ್ನ್ ಪರಿಶೀಲಿಸಿ ಕಳಿಸೋ ಜಿಎಸ್‌ಟಿ ನೋಟಿಸ್, ಬಂದ್ರೆ ಉತ್ತರಕ್ಕೆ 30 ದಿನ, ಅಷ್ಟರಲ್ಲಿ ಕ್ಲೈಂಟ್ ಹತ್ರ ದಾಖಲೆ, ಡ್ರಾಫ್ಟು, ನಾನು ನೋಡೋದು, ಅಪ್‌ಲೋಡು. ಆದ್ರೆ ಒಂದು ಸಲಕ್ಕೆ ಐದಾರು ನೋಟಿಸ್ ಮಾತ್ರ ಇರೋದು, ಅದಕ್ಕಂತ ಮೂರನೇ ಆಪ್ ಬೇಡ, ಟು ಡೂನಲ್ಲೇ "ನೋಟಿಸ್" ಅಂತ ಶೇರ್ಡ್ ಲಿಸ್ಟ್ ಮಾಡಿ ಒಳಗೆ ಸ್ಟೆಪ್ಸ್ ಹಾಕ್ತೀನಿ.

ತೆರಿಗೆ_ತುಮಕೂರು
ಅದೇ ಲಿಸ್ಟಿಗೆ ಪ್ರತಿ ಸೋಮವಾರ ರಿಪೀಟ್ ಆಗೋ ಒಂದು ಟಾಸ್ಕ್ ಹಾಕಿ ಮೇಡಂ, ಪೋರ್ಟಲಲ್ಲಿ "ನೋಟಿಸಸ್ ಅಂಡ್ ಆರ್ಡರ್ಸ್" ಬೇರೆ, "ಅಡಿಷನಲ್ ನೋಟಿಸಸ್" ಬೇರೆ, ಎರಡೂ ತೆಗೆದು ನೋಡ್ಬೇಕು. ಕ್ಲೈಂಟ್ ಫಾರ್ವರ್ಡ್ ಮಾಡ್ತಾರೆ ಅಂತ ಕಾಯ್ಬೇಡಿ, ಅವರ ಇಮೇಲ್ ಐಡಿ ಎಷ್ಟೋ ಸಲ ಹಳೇ ಅಕೌಂಟೆಂಟ್‌ದೇ ಇರುತ್ತೆ.

ಮೂರು ತಿಂಗಳಿಗೊಮ್ಮೆ ಫೈಲ್ ಮಾಡೋರನ್ನ ಶೀಟಲ್ಲಿ ಬೇರೆ ಟ್ಯಾಬ್ ಮಾಡಿ. ಅವರದು 13ಕ್ಕೆ ಜಿಎಸ್‌ಟಿಆರ್-1, 3ಬಿ ನಮ್ಮ ಕರ್ನಾಟಕಕ್ಕೆ 22. ಒಂದೇ ಟ್ಯಾಬಲ್ಲಿ ಬೆರೆಸಿದ್ರೆ ಎರಡು ತಿಂಗಳು ಖಾಲಿ ಸೆಲ್ ನೋಡಿ ನೋಡಿ ಮೂರನೇ ತಿಂಗಳೂ ಖಾಲಿ ಬಿಡ್ತಾರೆ.

ಕುಡ್ಲದ_ಡಾಕ್ಟ್ರು
ರಾತ್ರಿ ಮಲಗುವಾಗ ಕೆಲಸ ತಲೆಯೊಳಗೆ ತಿರುಗುದು ಹೇಳಿ ಇಲ್ಲಿ ಯಾರಿಗಾದ್ರೂ ಇದ್ರೆ, ಅದರ ಬಗ್ಗೆ ಒಂದು ಸ್ಟಡಿ ಉಂಟು, 2011ರದ್ದು, ಮಸಿಕಾಂಪೊ ಮತ್ತು ಬೌಮೈಸ್ಟರ್ ಹೇಳುವವರದ್ದು. ಮುಗಿಯದ ಕೆಲಸ ಮನಸ್ಸನ್ನು ಕೊರೀತದೆ, ಆದ್ರೆ ಅದನ್ನು ಯಾವಾಗ ಹೇಗೆ ಮಾಡುದು ಹೇಳಿ ಪ್ಲಾನ್ ಮಾಡಿದ್ರೆ ಸಾಕು, ಕೆಲಸ ಮುಗೀಬೇಕು ಹೇಳಿಲ್ಲ, ಆ ಕಾಟ ಕಡಿಮೆ ಆಗ್ತದೆ. ಹಾಗಾಗಿ "ರೈಸ್ ಮಿಲ್ ನೋಟಿಸ್" ಹೇಳಿ ಬರೆದು ಬಿಡ್ಬೇಡಿ, "ಬುಧವಾರ 11ಕ್ಕೆ ಮಿಲ್ಲಿನವರಿಗೆ ಫೋನ್, ಇ-ವೇ ಬಿಲ್ ಕೇಳುದು" ಹೇಳಿ ಬರೀರಿ. ನನ್ನ ಲಿಸ್ಟಲ್ಲಿ "ಆಟೋಕ್ಲೇವ್" ಹೇಳಿ ಒಂದೇ ಶಬ್ದ ಎಷ್ಟು ಕಾಲ ಕೂತಿತ್ತು, "ಸರ್ವೀಸಿನವನ ನಂಬರ್ ಹುಡುಕು" ಹೇಳಿ ಬದಲಿಸಿದ ದಿನವೇ ಆಯ್ತು.

ಕಪ್ಪುಕೋಟು_ಧಾರವಾಡ
ಡಾಕ್ಟರ್ ಹೇಳಿದ್ದು ಖರೆ. ಮತ್ತೊಂದು ಲಿಸ್ಟ್ ಇಡ್ರಿ, "ಅವರ ಕಡೆ ಬಾಕಿ" ಅಂತ. ಚೆಂಡು ನಮ್ಮ ಅಂಗಳದಾಗ ಇಲ್ಲದ ಕೆಲಸ ಎಲ್ಲಾ ಅದರಾಗ. ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿದ್ದು, ಪಾರ್ಟಿ ವಕಾಲತ್ತಿಗೆ ಸಹಿ ಮಾಡಬೇಕಾದ್ದು, ಅಂಥಾವು. ಇವು ನಮ್ಮ ಕೆಲಸದ ಜೋಡಿ ಬೆರೆತರ ಲಿಸ್ಟ್ ಉದ್ದ ಕಾಣತೈತಿ, ಮಾಡಾಕ ಏನೂ ಇರಂಗಿಲ್ಲ. ಶುಕ್ರವಾರ ಸಂಜಿಕ ಆ ಲಿಸ್ಟ್ ಹಿಡಕೊಂಡು ಕುಂತು ಒಂದೊಂದಾಗಿ ಫೋನ್.

ಟೆಂಪ್ಲೇಟ್_ಪ್ರೇಮಿ
ಕೊನೆಗೆ ಯಾವ ಆಪ್ ಗೆದ್ದಿದ್ದು? ಶೀಟು + ವಾಟ್ಸಾಪ್ ಲೇಬಲ್ + ಟು ಡೂ, ಮೂರು ಕಡೆ ನೋಡೋದು ಯಾರ್ರೀ?

ದಾವಣಗೆರೆ_ಲೆಕ್ಕ
ಮೂರು ಕಡೆ ನಾನೊಬ್ಳೇ ನೋಡೋದು. ಹುಡುಗ್ರಿಗೆ ಶೀಟ್ ಮತ್ತೆ ಟು ಡೂನಲ್ಲಿ ಅವರ ಹೆಸರಿಗೆ ಬಂದಿರೋದು, ಅಷ್ಟೇ. ವಾಟ್ಸಾಪ್ ಆಫೀಸ್ ನಂಬರಿದು ನನ್ನ ಹತ್ರ ಇದೆ, ಲೇಬಲ್ ನಾನು ಹಾಕಿ ಕೆಲಸ ಹಂಚ್ತೀನಿ. ಈ ತಿಂಗಳು ಹೀಗೆ ನಡೆಸಿ ನೋಡ್ತೀನಿ, ಪೇಯ್ಡ್ ಆಪ್ ಅಂತೂ ಸದ್ಯಕ್ಕೆ ಬೇಡ.

ಒಂದು ಡೌಟು, ಶೀಟಲ್ಲಿ ಯಾರೋ ಗೊತ್ತಿಲ್ಲದೆ ಕ್ಲೈಂಟ್ ಹೆಸರಿನ ಕಾಲಂ ಮಾತ್ರ ಸಾರ್ಟ್ ಮಾಡಿಬಿಟ್ರೆ ಎಲ್ಲಾ ಅದಲು ಬದಲು ಆಗುತ್ತಲ್ಲ?

ಜಯನಗರ_4ನೇ_ಬ್ಲಾಕ್
ಡೇಟಾ ಮೆನುನಲ್ಲಿ "ಪ್ರೊಟೆಕ್ಟ್ ಶೀಟ್ಸ್ ಅಂಡ್ ರೇಂಜಸ್" ಇದೆ, ಹೆಸರು ಮತ್ತೆ ಜಿಎಸ್‌ಟಿ ನಂಬರ್ ಕಾಲಂ ಲಾಕ್ ಮಾಡಿ, ಎಡಿಟ್ ನಿಮಗೆ ಮಾತ್ರ. ಹುಡುಗ್ರಿಗೆ ತಮ್ಮದು ಮಾತ್ರ ಕಾಣ್ಬೇಕು ಅಂದ್ರೆ ಮಾಮೂಲಿ ಫಿಲ್ಟರ್ ಬೇಡ, "ಫಿಲ್ಟರ್ ವ್ಯೂ" ಮಾಡಿಕೊಡಿ, ಒಬ್ರು ಫಿಲ್ಟರ್ ಹಾಕಿದ್ರೆ ಇನ್ನೊಬ್ರ ಸ್ಕ್ರೀನಲ್ಲಿ ಸಾಲು ಮಾಯ ಆಗಲ್ಲ. ಏನಾದ್ರೂ ಎಡವಟ್ಟಾದ್ರೆ ಫೈಲ್ ಮೆನುನಲ್ಲಿ ವರ್ಷನ್ ಹಿಸ್ಟರಿ ಇದೆ, ನಿನ್ನೆ ಸಂಜೆ ಹೇಗಿತ್ತೋ ಹಾಗೆ ವಾಪಸ್ ತರಬಹುದು.

ತೆರಿಗೆ_ತುಮಕೂರು
ಶೀಟ್ ತಯಾರಾದ್ಮೇಲೆ ಕ್ಲೈಂಟ್ ಹೆಸರು, ನಂಬರ್ ಎಲ್ಲಾ ತೆಗೆದು ಖಾಲಿ ಫಾರ್ಮ್ಯಾಟ್ ಇಲ್ಲಿ ಹಾಕಿ ಮೇಡಂ, ನಮಗೂ ಬೇಕು.

ದಾವಣಗೆರೆ_ಲೆಕ್ಕ
ಖಂಡಿತ ಹಾಕ್ತೀನಿ, 20 ಮುಗೀಲಿ.

ತೆರಿಗೆ_ತುಮಕೂರು
22 ಅನ್ನಿ.